‘ಮಗನೇ’ ಎಂದ ಮೇಲಿನ ಆ ಒಂದು ಉಸಿರು

ನಾಟಕದ ಮೇಷ್ಟ್ರೇ,

ನಿಮ್ಮ ಮೈಕ್ ಸೆಟ್ ಬಷೀರನ ಸಲಾಮು. ನೀವು ಹೋಗಿ ಎಂಟು ತಿಂಗಳಾಯಿತು. ನಿಮ್ಮ ಕ್ಷೇಮ ಕೇಳುವ ಹಾಗಿಲ್ಲ, ನನ್ನ ಕ್ಷೇಮ ಹೇಳುವ ಮನಸ್ಸಿಲ್ಲ. ನನಗೆ ಸಿಟ್ಟು ಬಂದಿದೆ. ಪಾಂಡವಪುರದಲ್ಲಿ ಯಾರ ಹತ್ತಿರ ಹೇಳಿಕೊಂಡರೂ, "ಒಳ್ಳೆ ಸೌಂಡ್ ಬತ್ತದಲ್ಲ ಸಾಬ್ರೆ, ಇನ್ನೇನ್ ಬೇಕು?" ಅನ್ನುತ್ತಾರೆ. ಇವರಿಗೆ ಒಳ್ಳೆ ಸೌಂಡು ಅಂದರೆ ದೊಡ್ಡ ಸೌಂಡು, ಅಷ್ಟೇ. ಅದಕ್ಕೇ ನಿಮಗೇ ಬರೆಯುತ್ತಿದ್ದೇನೆ.

ನೀವು ಮೊದಲ ಸಲ ನನ್ನನ್ನು ಬೈದದ್ದು ನೆನಪಿದೆಯೇ? ದೇವಲಾಪುರದ ಕಡೆಯ ಒಂದು ಊರು, ಪೌರಾಣಿಕ ನಾಟಕ. ನಾಲ್ಕು ಹಾರ್ನು ಸ್ಪೀಕರು ಮರಕ್ಕೆ ಕಟ್ಟಿ ಪಕ್ಕದೂರಿನ ಕಡೆ ಮುಖ ಮಾಡಿಸಿದ್ದೆ. ನಮ್ಮ ಕಡೆ ಅದೇ ಪದ್ಧತಿ. ಪಕ್ಕದೂರಿಗೆ ಕೇಳಿಸದಿದ್ದರೆ ನಾಟಕ ಆಡಿಸಿದವರ ಮರ್ಯಾದೆ ಹೋದಂತೆ. ನೀವು ಹಾರ್ಮೋನಿಯಂ ಬಿಟ್ಟು ಎದ್ದು ಬಂದಿರಿ. "ಲೇ ಬಷೀರ, ನಾಟ್ಕ ನೋಡಕ್ ಬಂದಿರೋರು ಇಲ್ಲಿ ಕೂತವ್ರೆ ಕಣ್ಲಾ. ಪಕ್ಕದೂರಲ್ಲಿ ಎಮ್ಮೆ ಕಟ್ತಾ ಇರೋನ್ಗೆ ಯಾಕ್ಲಾ ಕೇಳುಸ್ತೀಯ?" ನನ್ನ ಕೈ ಹಿಡಿದು ಕೊನೆಯ ಸಾಲಿಗೆ, ಹೆಂಗಸರು ಮಕ್ಕಳನ್ನು ಮಡಿಲಲ್ಲಿ ಹಾಕಿಕೊಂಡು ಕೂರುವ ಜಾಗಕ್ಕೆ, ಎಳೆದುಕೊಂಡು ಹೋದಿರಿ. "ಮಾತು ಕೇಳ್ತದಾ?" ಅಂದಿರಿ. ಕೇಳುತ್ತದೆ ಅಂದೆ. "ಉಸ್ರು ಕೇಳ್ತದಾ?" ಅಂದಿರಿ. ಕೇಳುತ್ತಿರಲಿಲ್ಲ. ಹಾರ್ನು ಬಿಚ್ಚಿಸಿ, ಎರಡು ಸ್ಪೀಕರ್ ಬಾಕ್ಸನ್ನು ಕೂತವರ ಕಿವಿಯ ಎತ್ತರಕ್ಕೆ ಇಡಿಸಿದಿರಿ, ವಾಲ್ಯೂಮನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದಿರಿ. ಹಾಡುತ್ತಿದ್ದವನು ಸಾಲಿನ ನಡುವೆ ಉಸಿರು ಎಳೆದುಕೊಂಡದ್ದು ಕೊನೆಯ ಸಾಲಿಗೂ ಕೇಳಿಸಿತು. ಅವಮಾನದಿಂದ ನನ್ನ ಮುಖ ಸುಡುತ್ತಿತ್ತು, ಆದರೆ ಸೌಂಡು ಅಂದರೆ ಏನೆಂದು ನನಗೆ ಗೊತ್ತಾದದ್ದು ಅವತ್ತೇ.

ತೊಣ್ಣೂರು ಕೆರೆ ಏರಿಯ ಹತ್ತಿರ ತಾಲೀಮು ಮಾಡಿಸುತ್ತಿದ್ದಿರಲ್ಲ, ಮಗನನ್ನು ಕಳೆದುಕೊಂಡ ರಾಜನ ಹಾಡು. ನೀವೇ ಕಟ್ಟಿದ ಹಾಡು. ‘ಮಗನೇ’ ಎಂದು ಎಳೆದವರು ತಟ್ಟನೆ ನಿಲ್ಲಿಸಿಬಿಡುತ್ತಿದ್ದಿರಿ. ಹಾರ್ಮೋನಿಯಂ ನಿಲ್ಲುತ್ತಿತ್ತು, ತಬಲದವನು ಕೈ ಎತ್ತುತ್ತಿದ್ದ. ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಮುಂದಿನ ಸಾಲು, ತೀರಾ ತಗ್ಗಿದ ದನಿಯಲ್ಲಿ. "ಜನ ಅಳೋದು ಹಾಡಲ್ಲಿ ಅಲ್ಲ ಕಣ್ಲಾ, ಆ ಸಂದೀಲಿ" ಅನ್ನುತ್ತಿದ್ದಿರಿ. ಆ ಸಂದಿಯಲ್ಲಿ ಗೊಂಯ್ ಎನ್ನುವ ಕರೆಂಟಿನ ಸದ್ದು ಬರಬಾರದೆಂದು ನಾನು ಎಷ್ಟು ವೈರು ಬದಲಾಯಿಸಿಲ್ಲ, ಎಷ್ಟು ಸಲ ಅರ್ತಿಂಗ್ ಕೊಟ್ಟಿಲ್ಲ? ಬೇರೆ ಮೈಕ್ ಸೆಟ್ಟಿನವರು ಸದ್ದು ಹೆಚ್ಚಿಸಲು ಒದ್ದಾಡುತ್ತಿದ್ದರೆ, ನಾನು ಸದ್ದಿಲ್ಲದ ಒಂದು ಗಳಿಗೆಗಾಗಿ ಒದ್ದಾಡುತ್ತಿದ್ದೆ.

ಕೆ.ಆರ್.ಎಸ್. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದ ಆ ಬೆಳಗನ್ನು ನನಗೆ ಇವತ್ತಿಗೂ ಮರೆಯಲಾಗಿಲ್ಲ. ಮೈಸೂರಿನಿಂದ ಒಬ್ಬರು ಬಂದು ನಿಮ್ಮ ಹಾಡುಗಳನ್ನು ರೆಕಾರ್ಡ್ ಮಾಡಿಕೊಂಡು ಹೋಗಿ ಕ್ಯಾಸೆಟ್ ಬಿಟ್ಟಿದ್ದರು. ಹೋಟೆಲಿನವನು ನಿಮ್ಮ ಮೇಲಿನ ಗೌರವದಿಂದಲೇ ಅದನ್ನು ಹಾಕಿದ. ಹಾಡಿಗೆ ದನಿ ಮಾರ್ದನಿಸುವ ಎಕೋ ತುಂಬಿದ್ದರು, ಕೆಳಗೆ ಡಬಡಬ ಎನ್ನುವ ರಿದಮ್ ಸೇರಿಸಿದ್ದರು. "ಇದ್ಯಾರ್ಲಾ ಇದು, ಬಾವಿ ಒಳಗೆ ಬಿದ್ದೋನು?" ಅಂದಿರಿ. ನಾನು ನಕ್ಕೆ. ನೀವು ನಗಲಿಲ್ಲ. ಬಸ್ಸು ಹತ್ತಿ ಶ್ರೀರಂಗಪಟ್ಟಣಕ್ಕೆ ಬಂದೆವು. ಇಳಿಯುವಾಗ, "ಆ ಸಂದೀನೂ ಮುಚ್ಚಾಕ್ಬುಟ್ಟವ್ರೆ ಬಷೀರ" ಅಂದಿರಿ.

ಮೇಷ್ಟ್ರೇ, ನಿಮ್ಮ ಮೇಲೂ ನನಗೆ ಕೋಪವಿದೆ. ನಾಲ್ಕು ಹಾರ್ನಿಗೆ ನನ್ನನ್ನು ಊರ ಮುಂದೆ ಬೈದವರು, ಆ ಮೈಸೂರಿನವನಿಗೆ ಯಾಕೆ ಒಂದು ಮಾತು ಹೇಳಲಿಲ್ಲ? ಇದಕ್ಕೆ ಸ್ವಲ್ಪ ಎಫೆಕ್ಟ್ ಕೊಡುತ್ತೇವೆ ಎಂದು ಅವನು ಹೇಳಿದಾಗ, "ನಿಮ್ಗೆ ಗೊತ್ತಿರ್ತದೆ ಬುಡಿ ಸ್ವಾಮಿ" ಅಂದಿರಿ. ಪಕ್ಕದಲ್ಲೇ ನಿಂತಿದ್ದ ನಾನಾದರೂ... ಹೋಗಲಿ. ನಾನೂ ಬಾಯಿ ಮುಚ್ಚಿಕೊಂಡಿದ್ದೆ. ನನ್ನ ಹತ್ತಿರವೇ ಟೇಪ್ ರೆಕಾರ್ಡರ್ ಇತ್ತು. ಒಂದು ತಾಲೀಮನ್ನಾದರೂ ಇದ್ದದ್ದು ಇದ್ದ ಹಾಗೆ ಹಿಡಿದಿಡಬೇಕು ಎಂದು ನನಗೆ ಹೊಳೆಯಲಿಲ್ಲವಲ್ಲ. ನೀವು ಯಾವಾಗಲೂ ಇರುತ್ತೀರಿ ಅಂದುಕೊಂಡಿದ್ದೆ.

ನಿಮ್ಮ ಹನ್ನೊಂದನೇ ದಿನಕ್ಕೆ ನಿಮ್ಮ ಮನೆಯ ಮುಂದೆಯೇ ಹಾರ್ನು ಕಟ್ಟಿ ಅದೇ ಕ್ಯಾಸೆಟ್ ಹಾಕಿದ್ದರು. ಹಾರ್ನು ಇಳಿಸಲು ನಾನು ಹೋದರೆ ನಿಮ್ಮ ತಂಗಿಯ ಮಗ ಕೈ ಅಡ್ಡ ಹಿಡಿದ. "ಮಾವ್ನ ದನಿ ನಾಕೂರ್ಗೆ ಕೇಳ್ಲಿ ಬುಡಿ ಸಾಬ್ರೆ." ಅದು ನಿಮ್ಮ ದನಿಯೇ? ಇದನ್ನು ಯಾರಿಗೆ ಬಿಡಿಸಿ ಹೇಳಲಿ? ಊಟ ಮಾಡದೆ ಎದ್ದು ಬಂದೆ.

ಹೋದ ಭಾನುವಾರ ಮಧ್ಯಾಹ್ನ ಕೆ.ಆರ್. ಪೇಟೆ ಕಡೆಯ ಒಂದು ಊರಿಗೆ ತಾಲೀಮಿಗೆಂದು ಮೈಕು ಕೊಂಡೊಯ್ದಿದ್ದೆ. ನಿಮ್ಮದೇ ನಾಟಕ. ರಾಜನ ಪಾರ್ಟು ಮಾಡುವವರು ಅಲ್ಲಿನ ಹಾಲಿನ ಡೈರಿ ಸೆಕ್ರೆಟರಿ, ಒಳ್ಳೆಯ ಕಂಠ. ತಾಲೀಮು ಅವರ ಮನೆಯ ಪಡಸಾಲೆಯಲ್ಲೇ. ‘ಮಗನೇ’ ಎಂದು ಎಳೆದರು. ನಾನು ಕಣ್ಣು ಮುಚ್ಚಿದೆ. ಅವರು ನಿಲ್ಲಿಸಲಿಲ್ಲ. "ಮಗನೇ... ಗನೇ... ನೇ..." ಎಂದು ದನಿ ಇಳಿಸುತ್ತಾ ಹೋದರು. ಮೇಷ್ಟ್ರೇ, ಅವರು ಎಕೋವನ್ನು ಬಾಯಲ್ಲಿ ಹಾಡುತ್ತಿದ್ದರು.

"ಇದೇನ್ ಸಾರ್ ಇದು?" ಎಂದು ಕೇಳಿದೆ.

"ಮೇಷ್ಟ್ರು ಇಂಗೇ ಹಾಡವ್ರೆ ಸಾಬ್ರೆ, ಕ್ಯಾಸೆಟ್ ಕೇಳಿ ಬೇಕಾದ್ರೆ. ಮೂರ್ ತಿಂಗ್ಳು ಕಷ್ಟಪಟ್ಟು ಕಲ್ತಿವ್ನಿ."

ಯಾರನ್ನು ಬೈಯಲಿ? ಅಷ್ಟು ಶ್ರದ್ಧೆಯಿಂದ ಕಲಿತವರನ್ನೇ? ಸುಮ್ಮನೆ ಬಂದುಬಿಟ್ಟರೆ ಅವರಿಂದ ಇನ್ನೊಬ್ಬರು ಕಲಿಯುತ್ತಾರೆ, ನಾಳೆ ಅದೇ ಮೇಷ್ಟ್ರ ಮಟ್ಟು ಎಂದಾಗುತ್ತದೆ. ಮೆಷಿನ್ನಿನ ಒಂದು ಗುಂಡಿ ಮಾಡಿದ ಕೆಲಸಕ್ಕೆ ನಿಮ್ಮ ಹೆಸರು. ಮೈಮೇಲೆ ಬೆಂಕಿ ಬಿದ್ದ ಹಾಗಾಯಿತು. ಅದು ಮೆಷಿನ್ನು ಸಾರ್, ಮೇಷ್ಟ್ರು ಅಲ್ಲಿ ನಿಲ್ಲಿಸುತ್ತಿದ್ದರು ಅಂದೆ.

"ಎಲ್ಲಿ ನಿಲ್ಸೋರು? ಎಷ್ಟೊತ್ತು? ಅಂಗೇ ಬಾಯ್ಮಾತಲ್ಲಿ ಹೇಳುದ್ರೆ ಎಂಗೆ ಸಾಬ್ರೆ. ಹಾಡಿ ತೋರ್ಸಿ" ಅಂದರು. ಗೇಲಿ ಮಾಡಲಿಲ್ಲ, ನಿಜವಾಗಿಯೇ ಕೇಳಿದರು.

ತೋರಿಸಲು ನನ್ನ ಹತ್ತಿರ ಏನಿದೆ? ಇಷ್ಟು ವರ್ಷ ಮೈಕಿನ ಮುಂದೆ "ಹಲೋ, ಮೈಕ್ ಟೆಸ್ಟಿಂಗ್" ಬಿಟ್ಟು ನಾನು ಬೇರೇನೂ ಅಂದವನಲ್ಲ. ಆಂಪ್ಲಿಫೈಯರ್ ಆಫ್ ಮಾಡಿದೆ. ಚಾಪೆಯ ಮೇಲೆ ಕೂತೆ. ಹಾಡಿದೆ. ಶ್ರುತಿ ಸೇರಲಿಲ್ಲ, ಮೇಲಕ್ಕೆ ಹೋದಲ್ಲಿ ದನಿ ಒಡೆಯಿತು, ಮೂಲೆಯಲ್ಲಿ ಯಾರೋ ನಕ್ಕರು. ‘ಮಗನೇ’ ಎಂದು ಎಳೆದು, ನೀವು ಬಿಡುತ್ತಿದ್ದ ಕಡೆ ಬಿಟ್ಟೆ. ನಕ್ಕವರೂ ಸುಮ್ಮನಾದರು. ಒಂದು ಉಸಿರು. ಆಮೇಲೆ ಮುಂದಿನ ಸಾಲು.

ಸೆಕ್ರೆಟರಿ ಚಾಪೆಯ ಮೇಲೆ ನನ್ನ ಎದುರಿಗೆ ಬಂದು ಕೂತರು. "ಇನ್ನೊಂದ್ ಸಲ" ಅಂದರು. ಇನ್ನೊಂದು ಸಲ ಹಾಡಿದೆ. ಮೂರನೆಯ ಸಲ ಅವರೇ ಹಾಡಿದರು, ನಿಂತರು. ಅವರ ತಾಯಿ ಎಲ್ಲರಿಗೂ ಟೀ ತಂದವರು ಬಾಗಿಲಲ್ಲೇ ನಿಂತುಬಿಟ್ಟರು. ಮುಂದಿನ ಸಾಲು ಬರುವವರೆಗೆ ಆಯಮ್ಮ ಹೊಸ್ತಿಲು ದಾಟಲಿಲ್ಲ.

ನಿಮ್ಮ,
ಬಷೀರ