ಹೊಳೆಬದಿ ಗೋದಾಮಿನ ಲೈನ್

15 ಜುಲೈ 1964, ಬುಧವಾರ

ಮಂಡಿಯ ಹೊಸ ಟೆಲಿಫೋನ್ ಬೋರ್ಡಿಗೆ ಇನ್ನೂ ಕೈ ಒಗ್ಗಿಲ್ಲ. ಶಿವಮೊಗ್ಗದ ಟ್ರಂಕ್ ಕಾಲ್ ಯಜಮಾನರಿಗೆ ಕೊಡುವ ಬದಲು ತೂಕದ ಕೋಣೆಗೆ ಕೊಟ್ಟೆ. ಮೆಕ್ಯಾನಿಕ್ ಸುಬ್ಬರಾಯರು ನಕ್ಕರು. ಪಾಪ, ಅವರಿಗೂ ಸುಸ್ತು — ಟ್ರಂಕ್ ಲೈನುಗಳನ್ನು ಒಂದೊಂದಾಗಿ ಜೋಡಿಸಿ ಪರೀಕ್ಷೆ ಮಾಡಬೇಕು. ಒಂದು, ಎರಡು ಸಾಗರದ ಎಕ್ಸ್‌ಚೇಂಜಿಗೆ. ಮೂರನೆಯದು ನಮ್ಮ ಅಡಿಕೆ ಮಂಡಿಯ ಹೊಳೆಬದಿ ಗೋದಾಮಿಗೆ ನೇರ ಲೈನ್. ಅಣೆಕಟ್ಟಿನ ನೀರು ಏರುತ್ತಿದೆ, ಆ ಊರೇ ಖಾಲಿ. ಈ ಲೈನ್ ಕಳಚಿ ಬೋರ್ಡಿನ ಆ ಜಾಗಕ್ಕೂ ಎಕ್ಸ್‌ಚೇಂಜ್ ಲೈನ್ ಕೊಡಬೇಕಂತೆ.

ಸಂಜೆ ಮೂರನೆಯ ಲೈನಿನ ಮುಚ್ಚಳ ಟಪ್ಪೆಂದು ಬಿತ್ತು. ಕರೆ ಬಂದ ಗುರುತು. ತೆಗೆದುಕೊಂಡೆ. ಮಾತಿಲ್ಲ... ಉಸಿರಿನಂಥ ಸದ್ದು.

16 ಜುಲೈ

ಮತ್ತೆ ಬಿತ್ತು. ಯಜಮಾನ ತಿಮ್ಮಣ್ಣನವರಿಗೆ ಹೇಳಿದೆ.

"ಅಲ್ಲಿ ಯಾರೂ ಇಲ್ಲೆ, ತಂಗಿ. ತಂತಿ ಒದ್ದೆ ಆಗಿಕ್ಕು. ತಲೆ ಕೆಡಿಸ್ಕಳಡ."

ಸುಬ್ಬರಾಯರೂ ಅದನ್ನೇ ಹೇಳಿದರು, ಕೊಂಬೆ ತಾಗಿದರೂ ಬೀಳುತ್ತದೆ ಎಂದು. ಕೊಂಬೆ ಉಸಿರಾಡುತ್ತದೆಯೇ?

17 ಜುಲೈ

ಇವತ್ತು ಮಾತು ಕೇಳಿಸಿತು. ಕೊಡದೊಳಗಿಂದ ಬಂದಂತೆ, ಬಹಳ ಸಣ್ಣಗೆ. "ಮಗಾ... ನೀರು ಮೆಟ್ಲಿಗೆ ಬಂತು..." ಹೆಂಗಸಿನ ದನಿ. ಆಮೇಲೆ ಏನೂ ಇಲ್ಲ.

ಅಂಗಳಕ್ಕೆ ಓಡಿದೆ. ಗುತ್ಯಪ್ಪ ಮೂಟೆ ಇಳಿಸುತ್ತಿದ್ದ. ಊರು ಖಾಲಿಯಾಗುವ ತನಕ ಅವ್ವನೊಡನೆ ಅಲ್ಲೇ ಇದ್ದು ಆ ಗೋದಾಮು ಕಾಯುತ್ತಿದ್ದವನು ಅವನೇ.

"ನಿನ್ನ ಅವ್ವ ಎಲ್ಲಿ?"

"ಆನಂದಪುರದಾಗೆ, ಅಕ್ಕನ ಮನೇಲಿ. ಯಾಕ್ರಮ್ಮಾ?"

ಹೇಳಿದೆ. ಮೂಟೆ ಅಲ್ಲೇ ಬಿಟ್ಟು ಬಸ್ಸಿಗೆ ಓಡಿದ. ಸಂಜೆ ವಾಪಸು ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ. ಅವನ ಅವ್ವ ವೆಂಕಮ್ಮ ಮಗನ ಹತ್ತಿರ ಹೋಗುತ್ತೇನೆ ಎಂದು ಹೇಳಿ ಅಲ್ಲಿಂದ ಯಾವತ್ತೋ ಹೊರಟಿದ್ದಾಳೆ. ಅವ್ವ ತಮ್ಮನ ಹತ್ತಿರ ಇದ್ದಾಳೆ ಎಂದು ಅಕ್ಕ ಅಂದುಕೊಂಡಳು, ಅಕ್ಕನ ಹತ್ತಿರ ಎಂದು ತಮ್ಮ.

"ಅವ್ವ ಫೋನ್ ತಿರುಗಾಮುರುಗಾ ಹಿಡೀತಾಳೆ ಅಮ್ಮಾ. ಎಷ್ಟ್ ಹೇಳಿದ್ರೂ ಕಿವಿಗಿಡೋ ಕಡೀಗೇ ಮಾತಾಡ್ತಾಳೆ."

ಹಾಗಾದರೆ ಆ ಉಸಿರು... ಬುಧವಾರದಿಂದ ಕರೆಯುತ್ತಿದ್ದಾಳೆ. ನಾವು ಕೊಂಬೆ ಎಂದೆವು.

18 ಜುಲೈ

ಬೆಳಕು ಹರಿಯುವ ಮೊದಲೇ ಗುತ್ಯಪ್ಪ ಹೊರಟ. ದೋಣಿಯವರನ್ನು ಯಜಮಾನರೇ ಗೊತ್ತುಮಾಡಿಕೊಟ್ಟರು. ನಾನು ದಿನವಿಡೀ ಹ್ಯಾಂಡಲ್ ತಿರುಗಿಸಿದೆ. ಯಾರೂ ಎತ್ತಲಿಲ್ಲ. ಊಟಕ್ಕೂ ಹೆಡ್‌ಫೋನ್ ತೆಗೆಯಲಿಲ್ಲ.

23 ಜುಲೈ

ಬಂದರು. ಗೋದಾಮಿನ ಮಾಡು ಮಾತ್ರ ನೀರ ಮೇಲಿದೆಯಂತೆ. ಹೆಂಚು ತೆಗೆದು ಒಳಗಿಳಿದು ಹುಡುಕಿದರು. ಗುಡ್ಡದ ಮೇಲೂ ಕೂಗಿದರು. ಸಿಗಲಿಲ್ಲ.

ಗುತ್ಯಪ್ಪ ಬೋರ್ಡಿನ ಪಕ್ಕ ನೆಲದ ಮೇಲೆ ಕೂತ. ಏಳು ಎನ್ನಲು ನನ್ನಿಂದಾಗಲಿಲ್ಲ.

30 ಜುಲೈ

ದಿನವೂ ಬಂದು ಕೂರುತ್ತಾನೆ. ಮಾಡೂ ಮುಳುಗಿತೆಂದು ದೋಣಿಯವರು ಹೇಳಿ ಕಳಿಸಿದ್ದಾರೆ. ಆದರೂ ಇವತ್ತು ಮುಚ್ಚಳ ಬಿತ್ತು. ಇಬ್ಬರೂ ಬೆಚ್ಚಿದೆವು. ಬರೀ ಸುಯ್ ಎನ್ನುವ ಸದ್ದು.

"ತಂತಿ ನೀರಿಗೆ ತಾಗಿರ್ತದೆ," ಎಂದರು ಸುಬ್ಬರಾಯರು. ನನ್ನ ಮುಖ ನೋಡಲಿಲ್ಲ.

ಸೋಮವಾರ ಲೈನ್ ಕಳಚಬೇಕೆಂದು ಯಜಮಾನರು ಹೇಳಿದ್ದಾರೆ. ಎಕ್ಸ್‌ಚೇಂಜ್ ಲೈನ್ ಸಾಲದೆ ತೀರ್ಥಹಳ್ಳಿಯ ಕರೆಗಳೆಲ್ಲ ಗಂಟೆಗಟ್ಟಲೆ ಕಾಯುತ್ತಿವೆ. ಅವರ ಮಾತೂ ತಪ್ಪಲ್ಲ.

3 ಆಗಸ್ಟ್, ಸೋಮವಾರ

ಸುಬ್ಬರಾಯರು ಬೋರ್ಡಿನ ಹಿಂಬದಿ ಬಿಚ್ಚಿದರು. ಇನ್ನೊಂದು ದಿನ ಬಿಡಿ ಎಂದು ನಾನು ಬೇಡಿಕೊಂಡೆ. ಗುತ್ಯಪ್ಪನೇ ತಡೆದ.

"ಬ್ಯಾಡ ಅಮ್ಮಾ. ತೆಗೀಲಿ. ಒಂದ್ ಸಲ ಅಲ್ಲೀಗೆ ಗಂಟೆ ಹೊಡೀರಿ, ಸಾಕು."

ಹ್ಯಾಂಡಲ್ ತಿರುಗಿಸಿದೆ. ನೀರಿನಡಿಯ ಮನೆಗೆ. ಹೆಡ್‌ಫೋನ್ ಅವನ ತಲೆಗೆ ಹಾಕಿದೆ.

"ಅವ್ವಾ, ನಾನು. ಅಕ್ಕ ಚೆನ್ನಾಗವ್ಳೆ. ನನ್ನ ಹುಡುಕ್ಕೊಂಡು ಅಲ್ಲೀಗ್ ಹೋದ್ಯಾ? ನಾನು ಸಾಗರದಾಗೇ ಇದ್ನಲ್ಲೇ..."

ಅತ್ತ. ಕಣ್ಣೊರೆಸಿಕೊಂಡ. ತಟ್ಟನೆ ಕೇಳಿಸಿಕೊಳ್ಳುವವನ ಹಾಗೆ ತಲೆ ವಾಲಿಸಿದ.

"ಹೂಂ," ಎಂದ. ಸ್ವಲ್ಪ ಬಿಟ್ಟು, "ಹೂಂ, ಅವ್ವಾ."

ಸುಬ್ಬರಾಯರ ಕೈಯಲ್ಲಿ ಸ್ಕ್ರೂಡ್ರೈವರ್ ಹಾಗೇ ನಿಂತಿತು. ನಾನು ಬಗ್ಗಿ ಹೆಡ್‌ಫೋನಿಗೆ ಕಿವಿ ಹಚ್ಚಿದೆ. ಅಲ್ಲಿ — ಮೊದಲ ದಿನ ಕೇಳಿದ್ದ ಅದೇ ಉಸಿರು.