ನನ್ನ ಕೈಯಳತೆಯ ಸ್ಮಾಲ್‌ಪೈಪ್

ಮಿರ್ದಿಫ್, ದುಬೈ
16 ಫೆಬ್ರವರಿ 2025, ಭಾನುವಾರ

ಪ್ರೀತಿಯ ಮಾರ್ಸೆಲ್,

ನಾವು ಮಾತಾಡುವುದು ಕೊಂಕಣಿಯಲ್ಲಿ, ಜಗಳವಾಡುವುದೂ ಕೊಂಕಣಿಯಲ್ಲೇ. ಆದ್ದರಿಂದ ಈ ಕಾಗದವನ್ನು ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಈ ಭಾಷೆಯಲ್ಲಿ ನಾವಿನ್ನೂ ಒಬ್ಬರನ್ನೊಬ್ಬರು ಬೈದುಕೊಂಡಿಲ್ಲ. ನೀವು ಕೆಲಸ ಮಾಡುವ ರುವೈಸಿನಲ್ಲಿ ನಿಮಗೆ ಫ್ಯಾಮಿಲಿ ಕ್ವಾರ್ಟರ್ಸ್ ಸಿಕ್ಕಿತು, ಅಡುಗೆಮನೆಗೆ ಎರಡು ಕಿಟಕಿ ಉಂಟು, ಬೇಗ ಸಾಮಾನು ಕಟ್ಟು ಎಂದು ಮೊನ್ನೆ ಫೋನಿನಲ್ಲಿ ಹೇಳಿದಿರಿ. ಅದಕ್ಕೆ ಉತ್ತರ ಈ ಕಾಗದದ ಕೊನೆಯಲ್ಲಿದೆ. ಕೊನೆಯನ್ನೇ ಮೊದಲು ಓದುವುದು ನಿಮ್ಮ ಅಭ್ಯಾಸ. ಇದೊಂದು ಸಲ ಮೇಲಿನಿಂದ ಓದಿ.

ಡಿಸೆಂಬರಿನಲ್ಲಿ ನೀವು ಫೋನ್ ಮಾಡಿದಿರಿ. ಖಲೀಫಾ ಸಿಟಿಯಲ್ಲಿ ಐಲೀನ್ ಎಂಬ ಬ್ಯಾಗ್‌ಪೈಪ್ ಟೀಚರ್ ದೇಶ ಬಿಟ್ಟು ಹೋಗುತ್ತಿದ್ದಾರೆ, ಸ್ಕಾಟ್ಲೆಂಡಿನ ಸ್ಮಾಲ್‌ಪೈಪ್ ಮೂರು ಸೆಟ್ ಮಾರುತ್ತಾರಂತೆ, ಹೋಗಿ ಒಂದನ್ನು ಆರಿಸು ಎಂದಿರಿ. ಯಾರಿಗೆ ಎಂದು ಕೇಳಿದೆ. "ಅದೆಲ್ಲ ಮತ್ತೆ ಹೇಳ್ತೇನೆ ಮಾರಾಯ್ತಿ. ನಿನ್ನ ಕೈಗೆ ಹಿಡಿಸಿದ್ದನ್ನು ತೆಗೆ, ರೇಟು ನೋಡ್ಬೇಡ" ಎಂದಿರಿ. ನನಗೆ ತಟ್ಟನೆ ನೆನಪಾದದ್ದು ಫೆಬ್ರವರಿಯಲ್ಲಿ ಬರುವ ನಮ್ಮ ಮದುವೆಯ ಇಪ್ಪತ್ತೈದನೆಯ ವರ್ಷ. ನೀವು ಹೇಳದೆ ಬಿಟ್ಟದ್ದನ್ನು ನಾನೇ ತುಂಬಿಸಿಕೊಂಡೆ.

ಹಾಗೆ ಅಂದುಕೊಂಡದ್ದರಲ್ಲಿ ನನ್ನದೇನು ತಪ್ಪು, ಹೇಳಿ. ಅಪ್ಪ ಮಿಲಿಟರಿ ಬ್ಯಾಂಡಿನಲ್ಲಿ ಬ್ಯಾಗ್‌ಪೈಪ್ ಊದಿದವರು. ಪೆನ್ಶನ್ ಪಡೆದು ಊರಿಗೆ ಬಂದ ಮೇಲೆ ಇಗರ್ಜಿಯ ಹಿಂದಿನ ಗೇರುಮರದ ಬುಡದಲ್ಲಿ ಕೂರಿಸಿ ನನಗೆ ಕಲಿಸಿದರು. ಮದುವೆಯ ಮುನ್ನಾದಿನ ನಮ್ಮ ರೋಸಿನ ಸಂಜೆ, ತಲೆಗೆ ತೆಂಗಿನ ಹಾಲು ಸುರಿಯುವ ಮೊದಲು, ನಾನು ಊದಿದ್ದನ್ನು ಕೇಳಿ ನಿಮ್ಮ ಅಮ್ಮ, "ಈ ಹುಡುಗಿಗೆ ಉಸಿರು ಸ್ವಲ್ಪ ಜಾಸ್ತಿಯೇ ಉಂಟು" ಎಂದಿದ್ದರು. ಎಲ್ಲರೂ ನಕ್ಕರು, ನೀವೂ ನಕ್ಕಿರಿ. ದುಬೈಗೆ ಬಂದ ಮೊದಲ ತಿಂಗಳಲ್ಲೇ, ಇದು ಫ್ಲಾಟ್, ಅಕ್ಕಪಕ್ಕದವರು ವಾಚ್‌ಮನ್‌ಗೆ ದೂರು ಕೊಡ್ತಾರೆ, ಪೀಪಿ ಖಲಾಸ್ ಎಂದಿರಿ. ಪೈಪನ್ನು ಊರಿಗೆ ವಾಪಸು ಕಳಿಸಿದೆ. ಸ್ಮಾಲ್‌ಪೈಪ್ ಎಂದರೆ ಕೋಣೆಯೊಳಗೆ ಕೂತು ನುಡಿಸುವ ಮೆಲುದನಿಯ ವಾದ್ಯ. ಗಂಡ ಇಷ್ಟು ವರ್ಷ ಅದನ್ನು ಮನಸ್ಸಿನಲ್ಲಿಟ್ಟುಕೊಂಡು, ಫ್ಲಾಟಿಗೆ ಹೊಂದುವಂಥದ್ದನ್ನೇ ಹುಡುಕಿದ್ದಾನೆ ಎಂದು ನಾನು ಜನವರಿಯಲ್ಲಿ ಖಲೀಫಾ ಸಿಟಿಗೆ ಹೋಗುವ ಬಸ್ಸಿನಲ್ಲಿ ಅತ್ತೆ. ಪಕ್ಕದ ಸೀಟಿನ ಹೆಂಗಸು ಟಿಶ್ಯೂ ಕೊಟ್ಟಳು.

ಐಲೀನ್ ತೋರಿಸಿದ ಮೊದಲನೆಯ ಸೆಟ್ ಬಾಯಿಂದ ಊದುವಂಥದ್ದು. ಅದು ಬೇಡವೆಂದೆ. ಬಾಯಿಯ ತೇವ ಒಳಗಿನ ರೀಡಿಗೆ ಹೋಗುತ್ತದೆ. ರೀಡು ಎಂದರೆ ಪೈಪಿನ ನಾಲಿಗೆ, ಸ್ವರ ಹುಟ್ಟುವುದೇ ಅಲ್ಲಿ. ಎರಡನೆಯದು ತಿದಿಯದು, ಎ ಸ್ವರದ್ದು, ಕರಿಮರದ್ದು. ನೋಡಿದವರೆಲ್ಲ ಅದನ್ನೇ ಎತ್ತಿಕೊಳ್ಳುತ್ತಾರೆ, ಅಷ್ಟು ಚಂದ. ಆದರೆ ತೂತುಗಳು ದೂರ ದೂರ, ನನ್ನ ಉಂಗುರದ ಬೆರಳು ಮುಟ್ಟಲಿಲ್ಲ. ಮೂರನೆಯದೂ ತಿದಿಯದೇ, ಡಿ ಸ್ವರದ್ದು, ಗಿಡ್ಡ ಕೊಳವೆ. ಬಲಮೊಣಕೈಯಿಂದ ತಿದಿ ಒತ್ತಿ, ಎಡತೋಳಿನಡಿ ಚೀಲ ಅದುಮಿದೆ. ಒಂದೇ ಸ್ವರ ಹಿಡಿದು ನಿಲ್ಲುವ ಡ್ರೋನ್ ಕೊಳವೆಗಳು ಜೇನುಹುಟ್ಟಿನ ಹಾಗೆ ಗುಂಯ್ ಎಂದವು. ನೋಡದೆಯೇ ನನ್ನ ಬೆರಳುಗಳು ತೂತುಗಳ ಮೇಲೆ ಕೂತವು. ಎ ಸೆಟ್ಟಿಗೇ ಗಿರಾಕಿ ಹೆಚ್ಚು ಎಂದು ಮೊದಲು ಹೇಳಿದ್ದ ಐಲೀನ್ ಸ್ವಲ್ಪ ಹೊತ್ತು ಕೇಳಿ, ಇದು ನಿಮಗಾಗಿಯೇ ಕಾದಿತ್ತು ಎಂದರು.

ಎರಡು ವಾರ ಅದು ಈ ಮನೆಯಲ್ಲಿತ್ತು. ಶಾಲೆಯ ಆಫೀಸಿನಿಂದ ಬಂದವಳೇ ಚಹಾ ಕೂಡ ಮಾಡದೆ ಕೂರುತ್ತಿದ್ದೆ. ಒಂದು ಸಂಜೆ ಕೆಳಗಿನ ಮನೆಯ ಬಿಂದು ಬಾಗಿಲು ತಟ್ಟಿದಳು. ಬಂತಪ್ಪ ದೂರು ಎಂದುಕೊಂಡು ತೆರೆದರೆ, "ಆಂಟಿ, ಯಾಕೆ ನಿಲ್ಸಿದ್ರಿ? ಮಗು ಈಗಷ್ಟೇ ನಿದ್ದೆಗೆ ಹೋಗ್ತಾ ಇತ್ತು" ಎಂದಳು.

ಜನವರಿಯ ಕೊನೆಯ ಶುಕ್ರವಾರ ನೀವು ಬಂದಿರಿ. ನಾನು ಹಸಿರು ಸೀರೆ ಉಟ್ಟು, ತಿದಿ ಕಟ್ಟಿಕೊಂಡು ಸೋಫಾದಲ್ಲಿ ಕೂತಿದ್ದೆ. ನೀವು ಶೂ ಕೂಡ ಬಿಚ್ಚದೆ, "ಅಯ್ಯೋ, ಕೆಡಿಸ್ಬೇಡ, ಹೊಸತರ ಹಾಗೇ ಇರ್ಲಿ! ಯಲ್ಲಾ, ಪ್ಯಾಕ್ ಮಾಡು. ನಾಳೆ ದೊಡ್ಡ ಸಾಹೇಬರ ಬೀಳ್ಕೊಡುಗೆ, ಇದು ಅವರಿಗೆ ಗಿಫ್ಟ್, ನೀನೂ ಬಾ" ಎಂದಿರಿ. ಅವರಿಗೆ ನುಡಿಸಲು ಬರುತ್ತದೆಯೇ ಎಂದು ಕೇಳಿದೆ. "ಸ್ಕಾಟ್ಲೆಂಡಿನವರಲ್ವಾ? ಬಾರದೆ ಇರ್ತದಾ?" ಎಂದು ನನ್ನನ್ನೇ ನೋಡಿ ನಕ್ಕಿರಿ. ಮಂಗಳೂರಿನವರೆಲ್ಲ ಮೀನು ಹಿಡಿಯುತ್ತಾರೆಯೇ ಎಂದು ಕೇಳಬೇಕೆನಿಸಿತು. ಅಪ್ಪ ಕಲಿಸಿದ ಕ್ರಮದಲ್ಲಿ ಪೈಪನ್ನು ಬಿಚ್ಚಿ ಪೆಟ್ಟಿಗೆಯಲ್ಲಿಟ್ಟೆ.

ರುವೈಸಿನ ಕ್ಲಬ್ಬಿನಲ್ಲಿ ಸಾಹೇಬರು ಪೆಟ್ಟಿಗೆ ತೆರೆದು ಹೊಟ್ಟೆ ಹಿಡಿದು ನಕ್ಕರು. ತಾನು ಇದನ್ನು ಮುಟ್ಟುತ್ತಿರುವುದೇ ಮೊದಲ ಸಲ, ತನ್ನದೇನಿದ್ದರೂ ಗಾಲ್ಫ್ ಎಂದರು. ತಿದಿಯನ್ನು ತಲೆಕೆಳಗಾಗಿ ಹಿಡಿದು ಫೋಟೊಗೆ ನಿಂತರು. ಒಳ್ಳೆಯ ಮನುಷ್ಯ, ಅವರ ಮೇಲೆ ನನಗೆ ಸಿಟ್ಟಿಲ್ಲ. ಇಷ್ಟು ಚಂದದ್ದನ್ನು ಆರಿಸಿದ್ದು ಯಾರು ಎಂದು ಕೇಳಿದರು. ನಾನೇ ಸಾರ್ ಎಂದಿರಿ. ಇಲ್ಲಿ ಯಾರಿಗಾದರೂ ನುಡಿಸಲು ಬರುತ್ತದೆಯೇ ಎಂದು ಕೇಳಿದರು. ಯಾರಿಗೂ ಇಲ್ಲ ಸಾರ್ ಎಂದಿರಿ. ನಾನು ಪುಡ್ಡಿಂಗಿನ ತಟ್ಟೆ ಹಿಡಿದು ನಿಮ್ಮ ಎಡಗಡೆ ನಿಂತಿದ್ದೆ. ನಮ್ಮ ಊರಿನ ಲಿಯೊನೆಲ್, ನನ್ನ ಅಪ್ಪನ ಬಳಿಯೇ ಕಲಿಯಲು ಬಂದು ಎರಡೇ ದಿನಕ್ಕೆ ಓಡಿಹೋದವನು, ನನ್ನ ಮುಖ ನೋಡಿದ. ಅವನಿಗೆ ಪುಡ್ಡಿಂಗ್ ಕೊಟ್ಟೆ.

ಲಗೇಜಿಗೆ ಭಾರವೆಂದು ಸಾಹೇಬರು ಅದನ್ನು ಕ್ಲಬ್ಬಿಗೇ ಬಿಟ್ಟುಹೋದರು. ಗಾಜಿನ ಪೆಟ್ಟಿಗೆಯ ಫೋಟೊವನ್ನು ನೀವೇ ಕಳಿಸಿದಿರಿ, ಕೆಳಗಿನ ಹಿತ್ತಾಳೆಯ ಪಟ್ಟಿಯಲ್ಲಿ ‘ಆಯ್ಕೆ: ಮಾರ್ಸೆಲ್’ ಎಂದಿರುವುದು ಕಾಣುವ ಹಾಗೆ. ಅದೇ ವಾರ ಮದುವೆಯ ದಿನವೂ ಬಂತು. ನೀವು ಕಳಿಸಿದ ಏರ್ ಫ್ರೈಯರ್ ತಲುಪಿತು. ಚೆನ್ನಾಗಿ ಕೆಲಸ ಮಾಡುತ್ತದೆ.

ಈಗ ಉತ್ತರ. ನಾನು ಬರುವುದಿಲ್ಲ. ನನ್ನ ವೀಸಾ ಶಾಲೆಯ ಕೆಲಸದ್ದು, ಫ್ಲಾಟ್ ನನ್ನ ಹೆಸರಿನಲ್ಲಿದೆ. ನಿಮ್ಮ ಅಂಗಿಗಳನ್ನು ಇಸ್ತ್ರಿ ಮಾಡಿ ಸೂಟ್‌ಕೇಸಿನಲ್ಲಿಟ್ಟಿದ್ದೇನೆ, ಲಿಯೊನೆಲ್ ಈ ಕಡೆ ಬಂದಾಗ ಕೊಟ್ಟು ಕಳಿಸುತ್ತೇನೆ. ಕ್ವಾರ್ಟರ್ಸಿನ ದಾರಿ ಕ್ಲಬ್ಬಿನ ಮುಂದೆಯೇ ಹೋಗುತ್ತದೆ. ದಿನಾ ತರಕಾರಿ ಚೀಲ ಹಿಡಿದುಕೊಂಡು ಆ ಗಾಜಿನ ಮುಂದೆ ಹಾದುಹೋಗಲು ನನ್ನಿಂದ ಆಗುವುದಿಲ್ಲ. ಬೇರೆ ಕಾರಣ ಕೇಳಿದವರಿಗೆ ಏನು ಬೇಕಾದರೂ ಹೇಳಿ. ನನ್ನ ಪರವಾಗಿ ಹೇಳುವುದು ನಿಮಗೆ ಅಭ್ಯಾಸವಿದೆ.

ಬಿ.ಪಿ. ಮಾತ್ರೆ ಬಿಡಬೇಡಿ.

ಹವಾಲ್ದಾರ್ ಎಡ್ವರ್ಡ್ ಅವರ ಮಗಳು,
ಜೋಸ್ಫಿನ್

ಮರೆತ ಮಾತು: ಪೈಪ್ ಪ್ರಯಾಣ ಹೊರಟಾಗ ರೀಡುಗಳನ್ನು ಬಿಚ್ಚಿ ಬೇರೆ ಇಡಬೇಕೆಂಬುದು ಅಪ್ಪನ ಕ್ರಮ. ಆ ಶನಿವಾರ ಅವು ನನ್ನ ಪರ್ಸಿನಲ್ಲಿದ್ದವು, ಜಪಮಾಲೆಯ ಡಬ್ಬಿಯಲ್ಲಿ. ಯಾರಿಗಾದರೂ ಬರುತ್ತದೆಯೇ ಎಂದು ಸಾಹೇಬರು ಕೇಳಿದಾಗ ನಾನು ಪುಡ್ಡಿಂಗಿನ ತಟ್ಟೆಯನ್ನು ಒಂದು ಕೈಗೆ ಬದಲಿಸಿ, ಇನ್ನೊಂದು ಕೈಯಿಂದ ಪರ್ಸಿನ ಜಿಪ್ ತೆಗೆದಿದ್ದೆ. ಅವು ಈಗಲೂ ನನ್ನ ಬಳಿಯೇ ಇವೆ. ಗಾಜಿನೊಳಗಿನ ಪೈಪಿಗೆ ನಾಲಿಗೆಯಿಲ್ಲವೆಂದು ಇಷ್ಟು ದಿನವಾದರೂ ಅಲ್ಲಿ ಯಾರಿಗೂ ಗೊತ್ತಾಗಿಲ್ಲ.