ರೇಷನ್ ಅಂಗಡಿಯವರೆಗೆ

ವಾಡಿ,
ನವೆಂಬರ್ ೯, ೨೦೨೫

ಪ್ರೀತಿಯ ಜ್ಯೋತಕ್ಕಾ,

ಶರಣು. ಮಕ್ಕಳಿಗೆ, ಭಾವನವರಿಗೆ ನನ್ನ ನೆನಪು ಹೇಳು. ಭಾವನವರು ಮುಖ ಸಿಂಡರಿಸಿದರೆ ಬಿಡು. ಸೇಡಂನಿಂದ ಬಂದು ವಾರವಾದರೂ ಬರೆಯಲಿಲ್ಲ, ಸಿಟ್ಟಾಗಬೇಡ. ಫೋನಿನಲ್ಲಿ ಹೇಳಿದರೆ ಜಗಳವಾಗುತ್ತದೆ, ಅದಕ್ಕೇ ಕಾಗದ.

ಶಹಾಬಾದಿನ ಬಾಡಿಗೆ ಕೋಣೆ ಹೋಯಿತು. ಸೀರೆಯಲ್ಲಿ ನನ್ನನ್ನು ನೋಡಿದ ದಿನವೇ ಮಾಲೀಕರು ಗಂಟುಮೂಟೆ ಹೊರಗಿಟ್ಟರು. ಈಗ ಮಲಗುವುದು ಇಲ್ಲಿಯ ಸ್ಟೇಷನ್ನಿನಲ್ಲಿ. ಚಹದಂಗಡಿಯ ಖುರ್ಷಿದಬೇಗಂ ನನ್ನ ಚೀಲ ಇಟ್ಟುಕೊಳ್ಳುತ್ತಾರೆ, ಬೈಯುತ್ತಲೇ ಚಹಾ ಕೊಡುತ್ತಾರೆ. ಅಂಥ ಹೊತ್ತಿನಲ್ಲಿ ನಿನ್ನ ಫೋನ್ ಬಂತು: “ಅವ್ವ ನಿನ್ನ ನೆನಸಿ ಅಳಾಕತ್ತಾಳ, ಮನಿಗಿ ಬಾ.” ಇನ್ನು ವಾಪಸು ಬರುವುದಿಲ್ಲ ಎಂದು ಖುರ್ಷಿದಬೇಗಂಗೆ ಹೇಳಿ, ಚೀಲ ಹೊತ್ತುಕೊಂಡೇ ಸೇಡಂ ಬಸ್ ಹತ್ತಿದೆ.

ಅವ್ವ ಬಸ್ ಸ್ಟ್ಯಾಂಡಿಗೇ ಬಂದಿದ್ದಳು. ಕೈಯಲ್ಲಿ ಅಪ್ಪನ ಅಂಗಿ, ಪ್ಯಾಂಟು. “ಸಂಡಾಸಿಗಿ ಹೋಗಿ ಮೊದ್ಲ ಇದನ್ನ ಹಾಕ್ಕೊಂಡು ಬಾ” ಎಂದಳು. ಮನೆಗೆ ಹೋಗಲು ಗಂಡಸಿನ ವೇಷ ಬೇಕೆಂದರೆ ಅದೂ ಆಗಲಿ ಎಂದು ಹಾಕಿಕೊಂಡೆ. ಅವಳು ಮನೆಯ ಕಡೆ ತಿರುಗಲಿಲ್ಲ, ನೇರ ರೇಷನ್ ಅಂಗಡಿಗೆ ನಡೆದಳು. ಕಾರ್ಡಿನಲ್ಲಿ ಇರುವವರೆಲ್ಲ ಬಂದು ಹೆಬ್ಬೆಟ್ಟು ಒತ್ತಬೇಕಂತೆ. ಇಲ್ಲದಿದ್ದರೆ ಅವರ ಪಾಲಿನ ಅಕ್ಕಿ ನಿಲ್ಲುತ್ತದಂತೆ.

ಸಾಲಿನಲ್ಲಿದ್ದ ದಾನಮ್ಮ “ಯಾರವ್ವಾ ಇಂವ?” ಎಂದಳು. “ನನ್ ಮಗ ಶಂಕರಲಿಂಗ. ಹೈದರಾಬಾದಿನಾಗ ಕೆಲಸಕ್ಕಿದ್ದಾನ” ಎಂದಳು ಅವ್ವ. ಮನೆಯಿಂದ ಹೊರಗೆ ಹಾಕಿದ ದಿನ ಇದೇ ಬಾಯಿ “ನೀ ನನ್ನ ಹೊಟ್ಟ್ಯಾಗ ಹುಟ್ಟಿಲ್ಲ” ಎಂದಿತ್ತು. ಮೊದಲ ಸಲ ಯಂತ್ರ ನನ್ನ ಬೆರಳು ಹಿಡಿಯಲಿಲ್ಲ. ಅವ್ವ ಸೆರಗಿನಿಂದ ಹೆಬ್ಬೆಟ್ಟು ಒರೆಸಿ, ತಾನೇ ಹಿಡಿದು ಒತ್ತಿದಳು. ಹಿಡಿಯಿತು. ಕೈ ಬಿಟ್ಟಳು.

“ಮನಿಗಿ ಬರ್ಲೇನವ್ವಾ?” ಎಂದೆ.

“ವಾಡಿ ಬಸ್ ನಿಂತದ ನೋಡು. ತಪ್ಪಿದ್ರ ಸಂಜಿತನ ಇಲ್ಲ.”

ಬಸ್ ಸ್ಟ್ಯಾಂಡಿನ ಸಂಡಾಸಿನಲ್ಲಿ ಅಂಗಿ, ಪ್ಯಾಂಟು ಕಳಚಿಸಿ ವಾಪಸು ಇಸಿದುಕೊಂಡಳು. ನನ್ನ ಹೆಸರಿನ ಅಕ್ಕಿ ಆ ಮನೆಯಲ್ಲಿ ಬೇಯುತ್ತದೆ, ನಾನು ಪ್ಲಾಟ್‌ಫಾರ್ಮಿನಲ್ಲಿ ಮಲಗುತ್ತೇನೆ. ಅಂದು ವಾಪಸು ಬಂದಾಗ ಖುರ್ಷಿದಬೇಗಂ ಚೀಲ ತೆಗೆದು ಒಳಗಿಟ್ಟರು.

ಐನಾಪುರದಲ್ಲಿ ನೀವೆಲ್ಲ ಚೆನ್ನಾಗಿರಿ. ನಿನ್ನ ಮೊಣಕಾಲು ನೋವು ಕಡಿಮೆಯಾಗಲಿ. ಮಕ್ಕಳು ಏನೇ ಆಗಲಿ, ಅವರನ್ನು ಮನೆಯಿಂದ ಮಾತ್ರ ಹೊರಗೆ ಹಾಕಬೇಡ.

ನಿನ್ನ ತಂಗಿ,
ನಾಗರತ್ನಾ

ತಾ.ಕ.: ರೇಷನ್ ಅಂಗಡಿಯವನು ನನಗೊಂದು ಮಾತು ಹೇಳಿದ: “ನಿಮ್ಮಕ್ಕ ಹೋದ ವಾರ ಬಂದು ಕೇಳ್ಯಾರ್ರಿ, ತಮ್ಮ ಬರ್ಲಿಲ್ಲಂದ್ರ ನಡೀತದೇನು ಅಂತ. ನಡ್ಯಂಗಿಲ್ರಿ, ಹ್ಯಾಂಗರೆ ಮಾಡಿ ಕರೆಸ್ರಿ ಅಂದೆ.” ಹಾಗಾದರೆ ಫೋನ್ ಮಾಡುವಾಗ ನಿನಗೆ ಎಲ್ಲ ಗೊತ್ತಿತ್ತು. ಇರಲಿ. ಅವ್ವ ಅತ್ತದ್ದಾದರೂ ನಿಜವೇನಕ್ಕಾ? ನಿಜವಾಗಿದ್ದರೆ ಎರಡು ಸಾಲು ಬರಿ. ಸುಳ್ಳಾಗಿದ್ದರೆ ಬರೆಯಬೇಡ.